ಹತ್ತು ಸೋಲಿನ ಕಪ್

ಪ್ಯಾಟ್ ಸಮ್ಮಿಟ್ ಬಗ್ಗೆ ಯಾರೇ ಬರೆಯಲಿ, ಮೊದಲ ಸಾಲಿಗೇ 1,098 ಬಂದು ಕೂರುತ್ತದೆ. ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್ ಆಗಿ 38 ಸೀಸನ್‌ಗಳಲ್ಲಿ ಅವರು ಗೆದ್ದ ಪಂದ್ಯಗಳು ಅಷ್ಟು. ಸೋತದ್ದು 208. ರಾಷ್ಟ್ರೀಯ ಚಾಂಪಿಯನ್‌ಷಿಪ್ ಎಂಟು. ಒಂದೇ ಒಂದು ಸೀಸನ್‌ನಲ್ಲೂ ಗೆಲುವಿಗಿಂತ ಸೋಲು ಜಾಸ್ತಿ ಆಗಲಿಲ್ಲ. ಈ ಅಂಕಿಗಳೆಲ್ಲ ಸರಿ. ಆದರೆ ಇವನ್ನು ಓದಿ ಮುಗಿಸಿದ ಮೇಲೂ ಕೋಚ್ ಎನ್ನುವವರು ಬೆಳಗಿನಿಂದ ರಾತ್ರಿವರೆಗೆ ಏನು ಮಾಡುತ್ತಾರೆ ಎಂಬುದು ಮಾತ್ರ ತಿಳಿಯುವುದಿಲ್ಲ. ಇದು ನನ್ನನ್ನು ಬಹಳ ದಿನದಿಂದ ಕೊರೆಯುತ್ತಿರುವ ವಿಷಯ.

ಆ ಎಂಟು ಕಪ್‌ಗಳಲ್ಲಿ ಮೂರು 1996ರಿಂದ 1998ರವರೆಗೆ ಬೆನ್ನುಬೆನ್ನಿಗೆ ಬಂದವು. 1998ರ ತಂಡ 39 ಪಂದ್ಯ ಆಡಿ 39ನ್ನೂ ಗೆದ್ದಿತು. ಅದರ ಹಿಂದಿನ ವರ್ಷದ ತಂಡ 29 ಗೆದ್ದು 10 ಸೋತಿತ್ತು, ಆದರೂ ಕಪ್ ಅದರದ್ದೇ. ಜನ ನೆನೆಯುವುದು 39ನ್ನು. ಕೋಚಿಂಗ್ ಅಂದರೇನು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಆ ಹತ್ತು ಸೋಲಿನ ತಂಡವನ್ನು. ಅದಕ್ಕೆ ಕಾರಣ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ತಿಂಗಳಿಗೆ 250 ಡಾಲರ್

1974ರಲ್ಲಿ ಪ್ಯಾಟ್ ಹೆಡ್ (ಆಗಿನ್ನೂ ಮದುವೆ ಆಗಿರಲಿಲ್ಲ) ಟೆನೆಸ್ಸಿಯ ನಾಕ್ಸ್‌ವಿಲ್‌ಗೆ ಬಂದದ್ದು ಸ್ನಾತಕೋತ್ತರ ಓದಿಗೆ, ಜೊತೆಗೆ ತಂಡಕ್ಕೆ ಸಹಾಯಕಿಯಾಗಿ. ಇದ್ದ ಕೋಚ್ ರಜೆ ಹಾಕಿ ಹೋದ್ದರಿಂದ 22ನೇ ವಯಸ್ಸಿಗೆ ಮುಖ್ಯ ಕೋಚ್ ಕುರ್ಚಿ ಅವರ ಪಾಲಿಗೆ ಬಂತು. ಸಂಬಳ ತಿಂಗಳಿಗೆ 250 ಡಾಲರ್. ತಂಡದ ವ್ಯಾನ್ ಓಡಿಸುವುದು ಅವರೇ, ಜೆರ್ಸಿ ಒಗೆಯುವುದೂ ಅವರೇ. ಆ ಜೆರ್ಸಿಗಳನ್ನು ಕೊಂಡದ್ದಾದರೂ ಹುಡುಗಿಯರು ಡೋನಟ್ ಮಾರಿ ಕೂಡಿಸಿದ ದುಡ್ಡಿನಲ್ಲಿ. ನಮ್ಮ ಡಿಗ್ರಿ ಕಾಲೇಜಿನ ಫಿಸಿಕಲ್ ಡೈರೆಕ್ಟರ್‌ಗಳನ್ನು ಬಲ್ಲವರಿಗೆ ಈ ಚಿತ್ರ ಹೊಸದಲ್ಲ: ಸುಣ್ಣದ ಗೆರೆ ಹಾಕಿಸುವುದರಿಂದ ಹಿಡಿದು ಹಾಜರಾತಿಗೆ ಆನ್ ಡ್ಯೂಟಿ ಪತ್ರ ಬರೆಸುವವರೆಗೆ ಎಲ್ಲಕ್ಕೂ ಒಬ್ಬರೇ. ಇದರ ನಡುವೆ ಅವರಿಗೆ ತಮ್ಮ ಓದಿತ್ತು, ತಾವು ತೆಗೆದುಕೊಳ್ಳಬೇಕಾದ ದೈಹಿಕ ಶಿಕ್ಷಣದ ಕ್ಲಾಸುಗಳಿದ್ದವು, ಅದೇ ವರ್ಷ ಆಡುವಾಗ ಹರಿದುಕೊಂಡಿದ್ದ ಮೊಣಕಾಲಿನ ಚಿಕಿತ್ಸೆ ಇತ್ತು. ಅದೇ ಕಾಲಿನಲ್ಲಿ ಅಭ್ಯಾಸ ಮಾಡಿ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಆಡಿದರು. ಮಹಿಳಾ ಬ್ಯಾಸ್ಕೆಟ್‌ಬಾಲ್ ಒಲಿಂಪಿಕ್ಸ್‌ಗೆ ಸೇರಿದ್ದೇ ಆ ವರ್ಷ. ಅಮೆರಿಕಕ್ಕೆ ಬೆಳ್ಳಿ ಸಿಕ್ಕಿತು. ಎಂಟು ವರ್ಷದ ನಂತರ ಲಾಸ್ ಏಂಜಲೀಸ್‌ನಲ್ಲಿ ಚಿನ್ನ ಗೆದ್ದ ತಂಡಕ್ಕೆ ಅವರೇ ಕೋಚ್.

ಕೋಚ್ ಆಗಿ ಮೊದಲ ಪಂದ್ಯ ಮರ್ಸರ್ ವಿರುದ್ಧ. 84-83, ಒಂದು ಪಾಯಿಂಟಿನ ಸೋಲು.

ಆ ಕಾಲದ ಒಂದು ತೊಡಕು ಈಗ ಯಾರಿಗೂ ನೆನಪಿಲ್ಲ, ಹೇಳಲೇಬೇಕು. ಟೆನೆಸ್ಸಿ ರಾಜ್ಯದ ಹೈಸ್ಕೂಲುಗಳಲ್ಲಿ ಹುಡುಗಿಯರು ಆಡುತ್ತಿದ್ದದ್ದು ಆರು ಜನರ ಆಟ. ಮೂವರು ಫಾರ್ವರ್ಡ್, ಮೂವರು ಗಾರ್ಡ್. ಯಾರೂ ನಡುಗೆರೆ ದಾಟುವಂತಿಲ್ಲ. ಹುಡುಗಿಯರ ಮೈಗೆ ಪೂರ್ತಿ ಕೋರ್ಟಿನ ಓಟ ತಡೆಯದು ಎಂಬ ನಂಬಿಕೆಯ ಮೇಲೆ ನಿಂತ ನಿಯಮ ಅದು. ಇದರ ಪೆಟ್ಟು ಕಾಲೇಜಿಗೆ ಬಂದಾಗ ಗೊತ್ತಾಗುತ್ತಿತ್ತು. ನಾಲ್ಕು ವರ್ಷ ಗಾರ್ಡ್ ಆಗಿದ್ದವಳು ಪಂದ್ಯದಲ್ಲಿ ಒಂದು ಶಾಟ್ ಕೂಡ ಹೊಡೆದಿರುವುದಿಲ್ಲ. ಫಾರ್ವರ್ಡ್ ಆಗಿದ್ದವಳಿಗೆ ಎದುರಾಳಿಯನ್ನು ತಡೆಯುವಾಗ ಕಾಲು ಹೇಗಿಡಬೇಕೆಂದೇ ತಿಳಿದಿರುವುದಿಲ್ಲ. ಚೆಂಡು ಕೈತಪ್ಪಿದ ಕ್ಷಣವೇ ತಿರುಗಿ 94 ಅಡಿ ಕೋರ್ಟಿನ ಆ ತುದಿಗೆ ಓಡಬೇಕು ಎಂಬ ಅಭ್ಯಾಸ ಇಬ್ಬರಿಗೂ ಇಲ್ಲ. ಐವರ ಆಟ ಕಲಿತು ಬಂದ ಬೇರೆ ರಾಜ್ಯದ ಹುಡುಗಿಯರ ಎದುರು ಇವರು ಅರ್ಧ ಆಟಗಾರ್ತಿಯರು. ಪ್ಯಾಟ್ ಈ ನಿಯಮದ ವಿರುದ್ಧ ಬಹಿರಂಗವಾಗಿ ನಿಂತರು, ತಮ್ಮದೇ ರಾಜ್ಯದ ಶಾಲೆಗಳ ಸಿಟ್ಟನ್ನೂ ಕಟ್ಟಿಕೊಂಡರು. 1979-80ರಲ್ಲಿ ಟೆನೆಸ್ಸಿಯ ಶಾಲೆಗಳು ಐವರ ಆಟಕ್ಕೆ ಬದಲಾದವು. ಅವರ ಕೆಲಸಗಳಲ್ಲಿ ಎಂಟು ಕಪ್‌ಗಿಂತ ದೊಡ್ಡದು ಇದೇ ಎಂದು ವಾದಿಸಬಹುದು. ಕಪ್ ಒಂದು ತಂಡದ್ದು. ಇದು ಆ ರಾಜ್ಯದ ಪ್ರತಿ ಶಾಲೆಯ ಪ್ರತಿ ಹುಡುಗಿಗೂ ಸಿಕ್ಕ ಇನ್ನರ್ಧ ಕೋರ್ಟು.

ಇಷ್ಟೆಲ್ಲ ಮಾಡಿದರೂ ಮೊದಲ ರಾಷ್ಟ್ರೀಯ ಕಪ್ ಸಿಕ್ಕಿದ್ದು 1987ರಲ್ಲಿ, ಹದಿಮೂರನೇ ಸೀಸನ್‌ಗೆ. ಅಲ್ಲಿಯವರೆಗೆ ಕೊನೆಯ ನಾಲ್ಕರ ಘಟ್ಟಕ್ಕೆ ಬಂದು ಬಂದು ಬರಿಗೈಲಿ ಹೋಗಿದ್ದರು. 1984ರ ಫೈನಲ್‌ನಲ್ಲಿ ಶೆರಿಲ್ ಮಿಲ್ಲರ್ ಇದ್ದ ಸದರ್ನ್ ಕ್ಯಾಲಿಫೋರ್ನಿಯಾ ತಂಡ ಅವರನ್ನು ಸೋಲಿಸಿತ್ತು. ಹದಿಮೂರು ವರ್ಷ ಎಂಬುದನ್ನು ನೆನಪಿಟ್ಟುಕೊಳ್ಳಿ.

ಶಾಟ್ ಹೊರಟ ಮೇಲೆ

ಸಮ್ಮಿಟ್ ತಂಡಗಳ ಗುರುತು ಎರಡು: ಮ್ಯಾನ್ ಟು ಮ್ಯಾನ್ ಡಿಫೆನ್ಸ್ (ಒಬ್ಬೊಬ್ಬರು ಒಬ್ಬೊಬ್ಬ ಎದುರಾಳಿಯನ್ನು ಕಾಯುವುದು) ಮತ್ತು ರೀಬೌಂಡ್ (ತಪ್ಪಿದ ಶಾಟಿನ ಚೆಂಡನ್ನು ಹಿಡಿಯುವುದು). ಎರಡರಲ್ಲಿ ರೀಬೌಂಡ್ ಬಗ್ಗೆ ಬಿಡಿಸಿ ಹೇಳುತ್ತೇನೆ, ಏಕೆಂದರೆ ಟಿವಿಯಲ್ಲಿ ಆಟ ನೋಡುವವರ ಕಣ್ಣಿಗೆ ಬೀಳದ ಭಾಗ ಅದು. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ಕೆಲಸ ನಡೆಯುವುದು ನೆಲದ ಮೇಲೆ.

ಎದುರಾಳಿ ಶಾಟ್ ಹೊಡೆದ ತಕ್ಷಣ ಡಿಫೆನ್ಸ್‌ನಲ್ಲಿರುವ ಐವರಿಗೂ ಕಣ್ಣು ಮೇಲೆತ್ತುವ ಆಸೆ ಆಗುತ್ತದೆ. ಮೊದಲು ಬಿಡಿಸಬೇಕಾದ ಚಾಳಿ ಅದು. ಕಣ್ಣು ಹೋಗಬೇಕಾದದ್ದು ತಾನು ಕಾಯುತ್ತಿರುವ ಆಟಗಾರ್ತಿಯ ಕಡೆಗೆ. ಅವಳತ್ತ ಒಂದು ಹೆಜ್ಜೆ ಹಾಕಿ, ಮುಂಗೈಯನ್ನು ಅವಳ ಮೈಗೆ ತಾಗಿಸಿ, ಎತ್ತ ಹೋಗುತ್ತಿದ್ದಾಳೆ ಎಂದು ತಿಳಿದ ಮೇಲೆ ಒಂದು ಕಾಲಿನ ಮೇಲೆ ತಿರುಗಿ ಬೆನ್ನು ಕೊಡಬೇಕು. ಮೊಣಕಾಲು ಮಡಚಿರಬೇಕು, ಸೊಂಟ ಅವಳ ಸೊಂಟಕ್ಕಿಂತ ಕೆಳಗಿರಬೇಕು, ಮೊಣಕೈ ಅಗಲಕ್ಕೆ, ಅಂಗೈ ಮೇಲಕ್ಕೆ. ಇದಕ್ಕೆ ಬಾಕ್ಸ್ ಔಟ್ ಎನ್ನುತ್ತಾರೆ. ಹೀಗೆ ತಡೆದು ನಿಲ್ಲಬೇಕಾದದ್ದು ರಿಂಗಿನಿಂದ ಐದಾರು ಅಡಿ ದೂರದಲ್ಲಿ. ರಿಂಗಿನ ಅಡಿಗೇ ಓಡಿಹೋಗಿ ನಿಂತವಳಿಗೆ ಸಿಗುವುದು ಬುಟ್ಟಿಯೊಳಗಿಂದ ಬಿದ್ದ ಚೆಂಡು ಮಾತ್ರ. ತಪ್ಪಿದ ಚೆಂಡು ಅವಳ ತಲೆಯ ಮೇಲಿಂದ ಹಾರಿಹೋಗುತ್ತದೆ. ಕಾರ್ನರ್‌ನಿಂದ ಹೊಡೆದ ಶಾಟ್ ತಪ್ಪಿದರೆ ಹೆಚ್ಚಾಗಿ ಎದುರು ಬದಿಗೆ ಬೀಳುತ್ತದೆ, ದೂರದಿಂದ ಹೊಡೆದದ್ದು ದೂರಕ್ಕೆ ಪುಟಿಯುತ್ತದೆ. ಹಾಗಾಗಿ ಶಾಟ್ ಹೊಡೆದ ಬದಿಯಲ್ಲಿ ಇರುವವಳಿಗಿಂತ ಆಚೆ ಬದಿಯಲ್ಲಿ ನಿಂತವಳ ಜವಾಬ್ದಾರಿ ದೊಡ್ಡದು, ಮತ್ತು ಮೈಮರೆಯುವುದು ಯಾವಾಗಲೂ ಅವಳೇ, ಚೆಂಡು ದೂರ ಇದೆ ಎಂದುಕೊಂಡು. ಚೆಂಡಿಗೆ ಜಿಗಿದಾಗ ಎರಡೂ ಕೈ. ಹಿಡಿದ ಮೇಲೆ ಗಲ್ಲದ ಕೆಳಗೆ, ಮೊಣಕೈ ಹೊರಗೆ. ಸೊಂಟದ ಮಟ್ಟಕ್ಕೆ ಇಳಿಸಿದಿರೋ, ಐದಡಿ ಎತ್ತರದ ಗಾರ್ಡ್ ಒಬ್ಬಳು ಹಿಂದಿನಿಂದ ಬಂದು ತಟ್ಟಿಕೊಂಡು ಹೋಗುತ್ತಾಳೆ.

ತಪ್ಪುವುದು ಎಲ್ಲಿ? ಬೆನ್ನು ಕೊಟ್ಟವಳು ಅಲ್ಲೇ ಅಂಟಿಕೊಂಡರೆ ಹಿಂದಿನವಳು ಭುಜದ ಪಕ್ಕದಿಂದ ಹೊರಳಿ ಮುಂದೆ ಬರುತ್ತಾಳೆ. ಹಿಂದಕ್ಕೆ ತಳ್ಳಿದರೆ ಫೌಲ್. ಇವೆಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ದಣಿವು: ದಣಿದ ಆಟಗಾರ್ತಿಯ ಮೊಣಕಾಲು ನೆಟ್ಟಗಾಗುತ್ತದೆ, ನೆಟ್ಟಗಾದ ಮೊಣಕಾಲಿನಿಂದ ಯಾರನ್ನೂ ತಡೆಯಲಾಗದು. ಆದ್ದರಿಂದ ಬಾಕ್ಸ್ ಔಟ್ ಡ್ರಿಲ್ ಅಭ್ಯಾಸದ ಶುರುವಿನಲ್ಲಿ ಮಾಡಿಸಿದರೆ ಅರ್ಧ ಲಾಭ. ಕೊನೆಯ ಅರ್ಧ ಗಂಟೆಯಲ್ಲಿ, ಉಸಿರು ಮೇಲಕ್ಕೆ ಹೋದಾಗ ಮಾಡಿಸಬೇಕು.

ಲೆಕ್ಕ ಹಾಕಿ ನೋಡಿ. ಒಂದು ತಂಡ 70 ಶಾಟ್ ಹೊಡೆದು 28 ಹಾಕಿತು ಎನ್ನೋಣ, ಶೇ 40. ತಪ್ಪಿದ್ದು 42. ಅದರಲ್ಲಿ ಮೂರರಲ್ಲಿ ಒಂದನ್ನು ತಾನೇ ವಾಪಸ್ ಹಿಡಿದರೆ 14 ಹೆಚ್ಚುವರಿ ಅವಕಾಶ. ಕೈಗೆ ಶಾಟ್ ಹತ್ತದ ದಿನವೂ ಈ 14 ಕೈಯಲ್ಲೇ ಇರುತ್ತವೆ, ಏಕೆಂದರೆ ಅವು ಬರುವುದು ಓಟದಿಂದ, ಕೈಚಳಕದಿಂದಲ್ಲ. ಸಮ್ಮಿಟ್ ರೀಬೌಂಡ್ ಹಿಂದೆ ಬಿದ್ದದ್ದು ಇದಕ್ಕೇ.

2008ರ ಏಪ್ರಿಲ್ 6, ಟ್ಯಾಂಪಾ ನಗರದಲ್ಲಿ ಸೆಮಿಫೈನಲ್. ಎದುರಾಳಿ ಲೂಸಿಯಾನಾ ಸ್ಟೇಟ್. ಟೆನೆಸ್ಸಿಯ ತಾರೆ ಕ್ಯಾಂಡೇಸ್ ಪಾರ್ಕರ್ ಹಿಂದಿನ ಸುತ್ತಿನಲ್ಲಿ ಒಂದೇ ಪಂದ್ಯದಲ್ಲಿ ಎರಡು ಸಲ ಭುಜದ ಕೀಲು ತಪ್ಪಿಸಿಕೊಂಡು ಆಡುತ್ತಿದ್ದಳು. ಎರಡೂ ತಂಡಗಳಿಗೆ ಬಾಸ್ಕೆಟ್ ಬೀಳದ, ಉಸಿರುಗಟ್ಟಿಸುವ ಆಟ. ಕೊನೆಯ ಏಳು ಸೆಕೆಂಡ್ ಉಳಿದಾಗ ಲೂಸಿಯಾನಾ ಎರಡು ಫ್ರೀ ಥ್ರೋ ಹಾಕಿ 46-45ರಲ್ಲಿ ಮುಂದೆ ಹೋಯಿತು. ಪಾರ್ಕರ್ ಚೆಂಡನ್ನು ಡ್ರಿಬಲ್ ಮಾಡುತ್ತ ಕೋರ್ಟ್ ದಾಟಿ ನಿಕಿ ಅನೊಸಿಕೆಗೆ ಪಾಸ್ ಕೊಟ್ಟಳು. ಅನೊಸಿಕೆಯ ಲೇಅಪ್ (ರಿಂಗಿನ ಬಳಿಗೇ ಹೋಗಿ ಹಾಕುವ ಶಾಟ್) ತಪ್ಪಿತು. ಆಗ ಹಿಂದಿನಿಂದ ಓಡಿಬಂದ ಅಲೆಕ್ಸಿಸ್ ಹಾರ್ನ್‌ಬಕಲ್, ಆ ಪಂದ್ಯದಲ್ಲಿ ಅಲ್ಲಿಯವರೆಗೆ ಒಂದೂ ಬಾಸ್ಕೆಟ್ ಹಾಕಿರದವಳು, ತಪ್ಪಿದ ಚೆಂಡನ್ನು ಹಿಡಿದು ಹಾಗೇ ಮೇಲಕ್ಕೆ ಹಾಕಿದಳು. ಗಡಿಯಾರದಲ್ಲಿ 0.7 ಸೆಕೆಂಡ್. 47-46. ಎರಡು ದಿನದ ನಂತರ ಸ್ಟ್ಯಾನ್‌ಫರ್ಡ್ ವಿರುದ್ಧ ಎಂಟನೇ ಕಪ್. ರಾತ್ರಿಯಿಡೀ ಕೈಕೊಟ್ಟ ಶೂಟರ್ ಒಬ್ಬಳು ಕೊನೆಯ ಸೆಕೆಂಡಿನಲ್ಲಿ ರಿಂಗಿನ ಹತ್ತಿರ ಇದ್ದದ್ದು ಹೇಗೆ? ತನ್ನ ತಂಡದವಳು ಲೇಅಪ್‌ಗೆ ಎದ್ದಾಗ ಅದು ಬೀಳುತ್ತದೆಂದು ನಿಂತು ನೋಡುವುದು ಸಹಜ. ತಪ್ಪುತ್ತದೆ ಎಂದುಕೊಂಡೇ ಓಡುವುದು ಅಭ್ಯಾಸ.

ಜನವರಿ 1997

ಈಗ ಆ ಹತ್ತು ಸೋಲಿಗೆ ಬರೋಣ. 1996ರಲ್ಲಿ ಕಪ್ ಗೆದ್ದ ತಂಡದ ಅನುಭವಿ ಗಾರ್ಡ್‌ಗಳು ಓದು ಮುಗಿಸಿ ಹೋಗಿದ್ದರು. ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ಆಟ ಕಟ್ಟುವವಳು, ಆಗಬೇಕಿದ್ದ ಕೆಲ್ಲಿ ಜಾಲಿ ಸೀಸನ್ ಶುರುವಾಗುವ ಮೊದಲೇ ಮೊಣಕಾಲಿನ ಎಸಿಎಲ್ ಎಂಬ ನಾರನ್ನು ಹರಿದುಕೊಂಡಳು. ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್‌ನ ದೊಡ್ಡ ಶಾಪ ಇದು. ಎದುರಾಳಿ ಮುಟ್ಟಬೇಕಾಗಿಯೂ ಇಲ್ಲ. ಜಿಗಿದು ಇಳಿಯುವಾಗ ಅಥವಾ ಓಡುತ್ತ ದಿಢೀರನೆ ದಿಕ್ಕು ಬದಲಿಸುವಾಗ ಮೊಣಕಾಲು ಒಳಕ್ಕೆ ಬಾಗಿದರೆ ಆ ನಾರು ಹರಿಯುತ್ತದೆ, ಮತ್ತು ಹುಡುಗರಿಗಿಂತ ಹುಡುಗಿಯರಲ್ಲಿ ಇದು ಹಲವು ಪಟ್ಟು ಹೆಚ್ಚು. ಎರಡೂ ಕಾಲಿನ ಮೇಲೆ ಮೆತ್ತಗೆ ಇಳಿಯುವುದನ್ನು, ತೊಡೆಯ ಹಿಂಬದಿ ಸ್ನಾಯು ಬಲಪಡಿಸುವುದನ್ನು ಅಭ್ಯಾಸಕ್ಕೆ ಮೊದಲು ಮಾಡಿಸುವುದು ಈಗ ರೂಢಿ.

ಪಾಯಿಂಟ್ ಗಾರ್ಡ್ ಇಲ್ಲದ ತಂಡಕ್ಕೆ ಏನಾಗುತ್ತದೆ? ಮಹಿಳೆಯರ ಕಾಲೇಜು ಆಟದಲ್ಲಿ ಒಂದು ಅವಕಾಶಕ್ಕೆ 30 ಸೆಕೆಂಡ್. ಎದುರಾಳಿ ಪೂರ್ತಿ ಕೋರ್ಟ್ ಪ್ರೆಸ್ ಹಾಕಿದರೆ, ಅಂದರೆ ಕೋರ್ಟಿನ ಆ ತುದಿಯಿಂದಲೇ ತಡೆಯತೊಡಗಿದರೆ, ಚೆಂಡು ನಡುಗೆರೆ ದಾಟುವುದಕ್ಕೇ ಆಗ 12 ಸೆಕೆಂಡ್ ಹೋಗಬಹುದಿತ್ತು, ಆಟ ಕಟ್ಟಲು ಉಳಿಯುತ್ತಿದ್ದದ್ದು 18. ಒಳಗೆ ಎತ್ತರದ ಆಟಗಾರ್ತಿ ಎದುರಾಳಿಯನ್ನು ಬೆನ್ನಿಗೆ ಹಾಕಿಕೊಂಡು ಕೈ ಚಾಚಿರುತ್ತಾಳೆ. ಆ ಸ್ಥಿತಿಯನ್ನು ಹಿಡಿದಿಡಲು ಆಗುವುದು ಒಂದೆರಡು ಸೆಕೆಂಡ್ ಮಾತ್ರ. ಪಾಸ್ ಅರ್ಧ ಸೆಕೆಂಡ್ ತಡವಾದರೂ ಕಾಯುತ್ತಿರುವವಳು ಸುತ್ತಿ ಮುಂದೆ ಬಂದುಬಿಡುತ್ತಾಳೆ, ಚೆಂಡು ಅವಳ ಕೈಗೆ, ಅಲ್ಲಿಂದ ಎದುರು ತುದಿಯಲ್ಲಿ ಸಲೀಸು ಲೇಅಪ್. ಶಮೀಕ್ ಹೋಲ್ಡ್ಸ್‌ಕ್ಲಾಳಂಥ ದೈತ್ಯ ಪ್ರತಿಭೆ ತಂಡದಲ್ಲಿದ್ದರೂ ಅವಳಿಗೆ ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿಗೆ ಚೆಂಡು ತಲುಪದಿದ್ದರೆ ಪ್ರಯೋಜನ ಇಲ್ಲ. ಜನವರಿಯ ಮೊದಲ ವಾರದಲ್ಲಿ ಕನೆಕ್ಟಿಕಟ್ ತಂಡ ನಾಕ್ಸ್‌ವಿಲ್‌ಗೇ ಬಂದು 72-57ರಲ್ಲಿ ಸೋಲಿಸಿತು. ಬೆನ್ನಿಗೇ ಓಲ್ಡ್ ಡೊಮಿನಿಯನ್ ವಿರುದ್ಧ ಅವರ ಊರಿನಲ್ಲಿ ಇನ್ನೊಂದು ಸೋಲು. 10 ಗೆಲುವು, 6 ಸೋಲು. ಹಾಲಿ ಚಾಂಪಿಯನ್ನರ ಗತಿ ಇದು.

ಆ ಸೀಸನ್ ಪೂರ್ತಿ ಎಚ್‌ಬಿಒ ಕ್ಯಾಮೆರಾ ತಂಡದ ಜೊತೆಗಿತ್ತು, ಹಾಗಾಗಿ ಲಾಕರ್ ರೂಮಿನ ಮಾತು ದಾಖಲಾಗಿದೆ. ಸಮ್ಮಿಟ್ ಎಂದರೆ ಕಣ್ಣಲ್ಲೇ ಸುಡುವವರು ಎಂದು ಹೆಸರು. ಸಣ್ಣ ವಯಸ್ಸಿನಲ್ಲಿ, ರಾತ್ರಿ ಪಾರ್ಟಿಗೆ ಹೋಗಿದ್ದ ತಂಡವನ್ನು ಕೋರ್ಟಿನ ನಾಲ್ಕು ಮೂಲೆಗೆ ಕಸದ ಡಬ್ಬ ಇಟ್ಟು ವಾಂತಿ ಆಗುವವರೆಗೆ ಓಡಿಸಿದವರು. ಓಲ್ಡ್ ಡೊಮಿನಿಯನ್ ಸೋಲಿನ ನಂತರ ಅಳುತ್ತ ಕೂತ ಹುಡುಗಿಯರೂ ಬೈಗುಳಕ್ಕೇ ಕಾಯುತ್ತಿದ್ದರು ಅನ್ನಿಸುತ್ತದೆ. ಅವರು ಬೈಯಲಿಲ್ಲ. ತಲೆ ಎತ್ತಿ ಎಂದರು. ಇವತ್ತು ಹೋರಾಡಿದ ಹಾಗೇ ಪ್ರತಿ ದಿನ ಹೋರಾಡಿದರೆ ಮಾರ್ಚ್‌ನಲ್ಲಿ ನಾವು ಅಲ್ಲಿ (ರಾಷ್ಟ್ರೀಯ ಟೂರ್ನಿಯ ಕೊನೆಯ ಘಟ್ಟದಲ್ಲಿ) ಇರುತ್ತೇವೆ, ಇದು ನನ್ನ ಮಾತು, ಎಂಬ ಅರ್ಥದಲ್ಲಿ ಮಾತಾಡಿದರು.

ಇದನ್ನು ಮೃದುತನ ಎಂದು ಓದುವವರಿದ್ದಾರೆ. ನನಗೆ ಕಾಣುವುದು ಲೆಕ್ಕ. ಕೋಚ್ ಸೋಲನ್ನು ಎರಡು ಭಾಗ ಮಾಡಿ ನೋಡಬೇಕಾಗುತ್ತದೆ: ಕೈಲಾಗದ್ದರಿಂದ ಬಂದದ್ದೆಷ್ಟು, ಮನಸ್ಸಿಲ್ಲದ್ದರಿಂದ ಬಂದದ್ದೆಷ್ಟು. ಎರಡನೆಯದಕ್ಕೆ ಬೈಗುಳ ಮದ್ದು, ಮೊದಲನೆಯದಕ್ಕೆ ಅದೇ ವಿಷ. ಆ ರಾತ್ರಿ ಹುಡುಗಿಯರು ಓಡಿದ್ದರು, ಬಿದ್ದಿದ್ದರು, ರೀಬೌಂಡಿಗೆ ಜಿಗಿದಿದ್ದರು. ಇಲ್ಲದ್ದು ಪಾಯಿಂಟ್ ಗಾರ್ಡ್. ಬೈದು ಪಾಯಿಂಟ್ ಗಾರ್ಡ್ ಹುಟ್ಟಿಸಲಾಗದು. ಆಟಗಾರ್ತಿಯರಿಗೆ ಸ್ವಭಾವದ ಪರೀಕ್ಷೆ ಮಾಡಿಸಿ, ಯಾರಿಗೆ ಎಲ್ಲರೆದುರು ಹೇಳಬಹುದು, ಯಾರನ್ನು ಪಕ್ಕಕ್ಕೆ ಕರೆದು ಹೇಳಬೇಕು ಎಂದು ತಿಳಿದುಕೊಳ್ಳುವ ಪದ್ಧತಿಯನ್ನೂ ಅವರು ಇಟ್ಟುಕೊಂಡಿದ್ದರು. ಕಸದ ಡಬ್ಬದಿಂದ ಅಲ್ಲಿಗೆ ಬಂದ ದಾರಿ ಅವರ ವೃತ್ತಿಯ ನಿಜವಾದ ಉದ್ದ.

ಸೀಸನ್ ಮಧ್ಯೆ ಜಾಲಿ ಮರಳಿದಳು. ಸೋಲು ಅಲ್ಲಿಗೇ ನಿಲ್ಲಲಿಲ್ಲ, ಇನ್ನೂ ನಾಲ್ಕು ಸೇರಿ ಹತ್ತಾಯಿತು. ಆದರೂ ಮಾರ್ಚ್‌ನಲ್ಲಿ ಅಯೋವಾ ಸಿಟಿಯಲ್ಲಿ ಅದೇ ಕನೆಕ್ಟಿಕಟ್ ಎದುರಾಯಿತು, ಈ ಸಲ 33 ಪಂದ್ಯ ಆಡಿ ಒಂದೂ ಸೋಲದ ತಂಡವಾಗಿ. ಟೆನೆಸ್ಸಿ 91-81ರಲ್ಲಿ ಗೆದ್ದಿತು. (ನ್ಯಾಯವಾಗಿ ಹೇಳಬೇಕೆಂದರೆ ಕನೆಕ್ಟಿಕಟ್‌ನ ಶೇ ರಾಲ್ಫ್ ಆ ಟೂರ್ನಿಯ ಮೊದಲ ಸುತ್ತಿನಲ್ಲೇ ಎಸಿಎಲ್ ಹರಿದುಕೊಂಡಿದ್ದಳು.) ಸಿನ್ಸಿನಾಟಿಯ ಫೈನಲ್‌ಗೆ ಎದುರು ಬಂದದ್ದು ಅದೇ ಓಲ್ಡ್ ಡೊಮಿನಿಯನ್, ಅಲ್ಲಿಯವರೆಗೆ ಒಂದೇ ಪಂದ್ಯ ಸೋತು. ಟೆನೆಸ್ಸಿ 68, ಓಲ್ಡ್ ಡೊಮಿನಿಯನ್ 59. ಹೋಲ್ಡ್ಸ್‌ಕ್ಲಾ 24 ಪಾಯಿಂಟ್. ಜಾಲಿಯ ಅಸಿಸ್ಟ್ (ಬಾಸ್ಕೆಟ್ ಆಗುವಂತೆ ಕೊಟ್ಟ ಪಾಸ್) 11, ಫೈನಲ್ ಪಂದ್ಯಗಳಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಕೊಟ್ಟಿರಲಿಲ್ಲ. ಜನವರಿಯಲ್ಲಿ ಇಲ್ಲದ್ದು ಏನು, ಮಾರ್ಚ್‌ನಲ್ಲಿ ಬಂದದ್ದು ಏನು ಎಂಬುದಕ್ಕೆ ಆ 11 ಸಾಕು.

ಮರುವರ್ಷ ಟಮೀಕಾ ಕ್ಯಾಚಿಂಗ್ಸ್, ಸೆಮೀಕಾ ರ‍್ಯಾಂಡಲ್ ಬಂದರು. ಓಡುವ ಕಾಲುಗಳು ಸಿಕ್ಕಿದ್ದೇ ತಡ, ಸಮ್ಮಿಟ್ ಆಟವನ್ನೇ ಪೂರ್ತಿ ಕೋರ್ಟ್ ಪ್ರೆಸ್‌ಗೆ ತಿರುಗಿಸಿದರು. 39-0. ಅದು ಸುಲಭ ಎಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ಪ್ರತಿಭೆ ಎಷ್ಟು, ಕೋಚ್ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. 1997ರಲ್ಲಿ ಎರಡೂ ಬೇರೆಬೇರೆಯಾಗಿ ಕಾಣುತ್ತವೆ.

ಮೊದಲ ಮೂರು ಸಾಲು

ಸಮ್ಮಿಟ್ ಕಾಲದಲ್ಲಿ ಟೆನೆಸ್ಸಿ ತಂಡದ ಹುಡುಗಿಯರು ಕ್ಲಾಸಿನಲ್ಲಿ ಮೊದಲ ಮೂರು ಸಾಲಿನಲ್ಲಿ ಕೂರಬೇಕಿತ್ತು. ಕ್ಲಾಸ್ ತಪ್ಪಿಸಿದರೆ ಪಂದ್ಯ ಇಲ್ಲ. ನಾಲ್ಕು ವರ್ಷದ ಆಟ ಮುಗಿಸಿದ ಅವರ ಪ್ರತಿಯೊಬ್ಬ ಆಟಗಾರ್ತಿಯೂ ಡಿಗ್ರಿ ಪಡೆದಳು, 38 ವರ್ಷದಲ್ಲಿ ಒಬ್ಬರೂ ಇದಕ್ಕೆ ಹೊರತಾಗಲಿಲ್ಲ. ಇದು ಸಚ್ಚಾರಿತ್ರ್ಯದ ಪ್ರಶ್ನೆ ಮಾತ್ರ ಆಗಿರಲಿಲ್ಲ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎ ನಿಯಮದ ಪ್ರಕಾರ ಸೀಸನ್‌ನಲ್ಲಿ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮೀರಿ ಅಭ್ಯಾಸ ಮಾಡಿಸುವಂತಿಲ್ಲ, ವಾರಕ್ಕೆ ಒಂದು ದಿನ ರಜೆ ಕಡ್ಡಾಯ. ಉಳಿದ ಹೊತ್ತು ಹುಡುಗಿ ಹೇಗಿರುತ್ತಾಳೆ ಎಂಬುದು ಕೋಚ್ ಕೈಯಲ್ಲಿಲ್ಲ. ಕ್ಲಾಸಿನ ಮೊದಲ ಸಾಲು ಆ ಉಳಿದ ಹೊತ್ತಿಗೂ ಶಿಸ್ತನ್ನು ಕೊಂಡೊಯ್ಯುವ ಉಪಾಯ.

20 ಗಂಟೆಯನ್ನು ನಿಮಿಷದ ಲೆಕ್ಕದಲ್ಲಿ ಖರ್ಚು ಮಾಡಬೇಕಾಗುತ್ತದೆ. ಇದಕ್ಕೆ ಟೆನೆಸ್ಸಿಯಲ್ಲಿ, ಈಗ ಬಹುತೇಕ ದೊಡ್ಡ ಕಾಲೇಜುಗಳಲ್ಲಿ, ಅಭ್ಯಾಸಕ್ಕೆ ಗಂಡುಹುಡುಗರನ್ನು ಎದುರಾಳಿಯಾಗಿ ನಿಲ್ಲಿಸುವ ಪದ್ಧತಿ ಇದೆ. ಅದೇ ಕಾಲೇಜಿನ ವಿದ್ಯಾರ್ಥಿಗಳು, ಸಂಬಳ ಇಲ್ಲ. ಮುಂದಿನ ಎದುರಾಳಿಯ ಆಟವನ್ನು ಅವರಿಗೆ ಕಲಿಸಿ ಆಡಿಸುತ್ತಾರೆ. ಹುಡುಗರು ವೇಗ, ಜಿಗಿತದಲ್ಲಿ ಮುಂದಿರುವುದರಿಂದ ಅವರೆದುರು ಬಾಕ್ಸ್ ಔಟ್ ಮಾಡಿ ರೂಢಿಯಾದವಳಿಗೆ ಪಂದ್ಯದ ದಿನ ಎಲ್ಲವೂ ಅರ್ಧ ಹೆಜ್ಜೆ ನಿಧಾನವಾಗಿ ಕಾಣುತ್ತದೆ. ನಷ್ಟವೂ ಇದೆ: ಬೆಂಚಿನ ಹನ್ನೆರಡನೆಯ, ಹದಿಮೂರನೆಯ ಆಟಗಾರ್ತಿಗೆ ಸಿಗಬೇಕಿದ್ದ ಅಭ್ಯಾಸ ಆ ಹುಡುಗನ ಪಾಲಾಗುತ್ತದೆ. ಈ ಆಕ್ಷೇಪ ಸರಿಯಾದದ್ದೇ.

ತಂಡಕ್ಕೆ ಹುಡುಗಿಯರನ್ನು ಆರಿಸಿ ಕರೆತರುವ ಕೆಲಸದ ಬಗ್ಗೆ ಒಂದು ಪ್ರಸಂಗ ಎಲ್ಲರೂ ಹೇಳುತ್ತಾರೆ. 1990ರ ಸೆಪ್ಟೆಂಬರ್‌ನಲ್ಲಿ ತುಂಬು ಗರ್ಭಿಣಿ ಸಮ್ಮಿಟ್ ಪೆನ್ಸಿಲ್ವೇನಿಯಾದಲ್ಲಿ ಮಿಶೆಲ್ ಮಾರ್ಸಿನಿಯಾಕ್ ಎಂಬ ಹುಡುಗಿಯ ಮನೆಗೆ ಹೋಗಿದ್ದಾಗ ಹೆರಿಗೆ ನೋವು ಶುರುವಾಯಿತು. ವಾಪಸ್ ಬರುವಾಗ ವಿಮಾನವನ್ನು ವರ್ಜೀನಿಯಾದಲ್ಲಿ ಇಳಿಸಲು ಒಪ್ಪಲಿಲ್ಲ, ಏಕೆಂದರೆ ಆ ವರ್ಷ ವರ್ಜೀನಿಯಾ ತಂಡ ಅವರನ್ನು ಸೋಲಿಸಿತ್ತು. ಮಗ ಹುಟ್ಟಿದ್ದು ಟೆನೆಸ್ಸಿಯಲ್ಲೇ. ಕೇಳಲು ಚೆನ್ನಾಗಿದೆ. ನನಗೆ ಅದರ ಮುಂದಿನ ಭಾಗ ಮುಖ್ಯ. ಇಷ್ಟಾದರೂ ಮಾರ್ಸಿನಿಯಾಕ್ ಆರಿಸಿಕೊಂಡದ್ದು ನೋಟರ್ ಡೇಮ್ ಕಾಲೇಜನ್ನು. ಒಂದು ವರ್ಷ ಅಲ್ಲಿ ಆಡಿ ಟೆನೆಸ್ಸಿಗೆ ಬಂದಳು, ಆಗಿನ ನಿಯಮದಂತೆ ಒಂದು ವರ್ಷ ಆಡದೆ ಕೂತಳು, 1996ರ ಕಪ್ ಗೆದ್ದಾಗ ಫೈನಲ್ ಫೋರ್‌ನ ಶ್ರೇಷ್ಠ ಆಟಗಾರ್ತಿ ಎನಿಸಿದಳು. ಕಾಲೇಜು ಬದಲಿಸುವುದಕ್ಕೆ ಒಂದು ವರ್ಷದ ಬೆಲೆ ಇದ್ದ ಕಾಲ ಅದು. ಆ ಬೆಲೆ ಇದ್ದದ್ದರಿಂದಲೇ ಹತ್ತು ಸೋತ ತಂಡವೂ ಒಡೆಯದೆ ಉಳಿಯಿತು.

ದುಡ್ಡು ಬಂದ ಮೇಲೆ

1972ರಲ್ಲಿ, ಶಾಲೆ ಕಾಲೇಜುಗಳಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದೆನ್ನುವ ಟೈಟಲ್ ನೈನ್ ಕಾನೂನು ಬಂದಾಗ ಅಮೆರಿಕದ ಕಾಲೇಜು ಮಹಿಳಾ ತಂಡಗಳ ಕೋಚ್‌ಗಳಲ್ಲಿ ಶೇ 90ಕ್ಕಿಂತ ಹೆಚ್ಚು ಹೆಂಗಸರೇ ಇದ್ದರು. ಈಗ ಎಲ್ಲ ಕ್ರೀಡೆ ಸೇರಿಸಿದರೆ ಹತ್ತರಲ್ಲಿ ನಾಲ್ವರು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಪರಿಸ್ಥಿತಿ ಇದಕ್ಕಿಂತ ಮೇಲು. ಹೆಣ್ಣುಮಕ್ಕಳಿಗೆ ಆಟದ ಬಾಗಿಲು ತೆರೆದ ಕಾನೂನೇ ಹೆಣ್ಣು ಕೋಚ್‌ಗಳಿಗೆ ಮುಚ್ಚಿತೆ ಎಂದರೆ ನೇರವಾಗಿ ಅಲ್ಲ. ಕಾನೂನು ಬಂದ ಮೇಲೆ ದುಡ್ಡು ಬಂತು. ಮೊದಲು ಮಹಿಳೆಯರ ಕ್ರೀಡೆಗಳನ್ನು ನಡೆಸುತ್ತಿದ್ದದ್ದು ಎಐಎಡಬ್ಲ್ಯು ಎಂಬ ಮಹಿಳೆಯರದ್ದೇ ಸಂಸ್ಥೆ. 1982ರಲ್ಲಿ ಎನ್‌ಸಿಎಎ ತಾನೇ ಮಹಿಳಾ ಟೂರ್ನಿ ಶುರುಮಾಡಿತು, ಎಐಎಡಬ್ಲ್ಯು ಮುಚ್ಚಿಹೋಯಿತು. ಕಾಲೇಜುಗಳಲ್ಲಿ ಪ್ರತ್ಯೇಕವಾಗಿದ್ದ ಮಹಿಳಾ ಕ್ರೀಡಾ ವಿಭಾಗಗಳು ಗಂಡಸರ ವಿಭಾಗದೊಳಗೆ ಸೇರಿಹೋದವು, ಕೋಚ್‌ಗಳನ್ನು ನೇಮಿಸುವ ಅಧಿಕಾರ ಗಂಡಸರ ಕೈಗೆ ಹೋಯಿತು. ಗಂಡು ಕೋಚ್‌ಗಳ ಯೋಗ್ಯತೆಯ ಪ್ರಶ್ನೆ ಇದಲ್ಲ. ಕನೆಕ್ಟಿಕಟ್‌ನ ಜೀನೊ ಆರಿಯೆಮ್ಮಾ 12 ಕಪ್ ಗೆದ್ದಿದ್ದಾರೆ. ಆದರೆ ಹೆಣ್ಣುಮಕ್ಕಳಿಗೆ ಪುರುಷ ತಂಡದ ಕೋಚ್ ಆಗುವ ದಾರಿ ತೆರೆಯಲೇ ಇಲ್ಲವಲ್ಲ, ಅದು ಅನ್ಯಾಯ.

ಟೆನೆಸ್ಸಿ ಈ ವಿಷಯದಲ್ಲಿ ಬೇರೆಯೇ ದಾರಿ ಹಿಡಿದಿತ್ತು. 1976ರಲ್ಲಿ ಶುರುವಾದ ಅದರ ಮಹಿಳಾ ಕ್ರೀಡಾ ವಿಭಾಗ 2011-12ರವರೆಗೂ ಪ್ರತ್ಯೇಕವಾಗಿ, ತನ್ನದೇ ನಿರ್ದೇಶಕಿ, ತನ್ನದೇ ಬಜೆಟ್ ಇಟ್ಟುಕೊಂಡು ನಡೆಯಿತು. ಕಪ್ ಇಲ್ಲದೆ 12 ಸೀಸನ್ ಕಳೆದರೂ ಕೋಚ್ ಕುರ್ಚಿ ಅಲುಗದೆ ಉಳಿದದ್ದರಲ್ಲಿ ಈ ವ್ಯವಸ್ಥೆಯ ಪಾಲು ದೊಡ್ಡದೆಂದು ನನ್ನ ನಂಬಿಕೆ. 2006ರಲ್ಲಿ ಸಮ್ಮಿಟ್ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಮುಟ್ಟಿದ ಮೊದಲ ಮಹಿಳಾ ಬ್ಯಾಸ್ಕೆಟ್‌ಬಾಲ್ ಕೋಚ್ ಆದರು. 2025ರ ಒಪ್ಪಂದದಲ್ಲಿ ಸೌತ್ ಕ್ಯಾರೊಲಿನಾದ ಕೋಚ್ ಡಾನ್ ಸ್ಟೇಲಿಗೆ ಸಿಕ್ಕಿದ್ದು 40 ಲಕ್ಷ.

ಕೊನೆಯ ಬೆಂಚು, ಮತ್ತು ಆಮೇಲೆ

2011ರ ಆಗಸ್ಟ್‌ನಲ್ಲಿ, 59ನೇ ವಯಸ್ಸಿಗೆ, ತಮಗೆ ಆಲ್ಜೈಮರ್ಸ್ ಆರಂಭವಾಗಿದೆ ಎಂದು ಸಮ್ಮಿಟ್ ತಾವೇ ಪ್ರಕಟಿಸಿದರು. ಮತ್ತೆ ಒಂದು ಸೀಸನ್ ಬೆಂಚಿನಲ್ಲಿ ಕೂತರು. ಕೆಲಸ ಹಂಚಿಹೋಯಿತು: ಪಂದ್ಯ ನಡೆಸುವುದರ, ಪತ್ರಕರ್ತರ ಮುಂದೆ ಕೂರುವುದರ ಹೆಚ್ಚಿನ ಭಾರ ಹಾಲಿ ವಾರ್ಲಿಕ್ ಮೇಲೆ ಬಿತ್ತು, ಮಿಕಿ ಡಿಮಾಸ್, ಡೀನ್ ಲಾಕ್‌ವುಡ್ ಉಳಿದದ್ದನ್ನು ಹೊತ್ತರು. ವಾರ್ಲಿಕ್ ಅವರದೇ ಹಳೆಯ ಆಟಗಾರ್ತಿ, 1985ರಿಂದ ಸಹಾಯಕಿ. ಮುಖ್ಯ ಕೋಚ್‌ಗೆ ಯಾವ ಆಟ ಆಡಬೇಕೆಂದು ಕೂಗಿ ಹೇಳುವ ಕರೆಗಳು ಮರೆತುಹೋಗುತ್ತಿದ್ದ ಆ ಸೀಸನ್‌ನಲ್ಲೂ ತಂಡ 27 ಗೆದ್ದು 9 ಸೋತಿತು, ಕೊನೆಗೆ ಆ ವರ್ಷ ಯಾರಿಗೂ ಸೋಲದ ಬೇಲರ್ ಎದುರು ಸೋತು ನಿಂತಿತು. ಸುಮಾರು ಮೂರು ದಶಕ ಒಂದೇ ಬೆಂಚಿನಲ್ಲಿ ಕೂತವರಿಗೆ ಕರೆ ಬರುವ ಮೊದಲೇ ಏನು ಬರುತ್ತದೆಂದು ಗೊತ್ತಿರುತ್ತದೆ. ಸಮ್ಮಿಟ್ 2012ರಲ್ಲಿ ಹುದ್ದೆ ಬಿಟ್ಟರು, 2016ರ ಜೂನ್‌ನಲ್ಲಿ ತೀರಿಕೊಂಡರು.

ಅವರ ಕುರ್ಚಿಗೆ ವಾರ್ಲಿಕ್ ಬಂದರು, 2019ರಲ್ಲಿ ಅವರನ್ನು ತೆಗೆದರು. ಆಮೇಲೆ ಬಂದವರು ಕೆಲ್ಲಿ ಹಾರ್ಪರ್, ಅಂದರೆ ಆ 11 ಅಸಿಸ್ಟ್‌ಗಳ ಕೆಲ್ಲಿ ಜಾಲಿ. ಐದು ಸೀಸನ್‌ನಲ್ಲಿ 108 ಗೆದ್ದರು, 52 ಸೋತರು, ಟೂರ್ನಿ ನಡೆದ ಪ್ರತಿ ವರ್ಷವೂ ತಂಡ ಅಲ್ಲಿಗೆ ಹೋಯಿತು, ಎರಡು ಸಲ ಕೊನೆಯ ಹದಿನಾರರ ಘಟ್ಟ ಮುಟ್ಟಿತು. 2024ರಲ್ಲಿ ಅವರಿಗೂ ಬಾಗಿಲು ತೋರಿಸಿದರು. ಅಷ್ಟರಲ್ಲಿ ಆಟದ ನೆಲವೇ ಬದಲಾಗಿತ್ತು: 2018ರಿಂದ ಟ್ರಾನ್ಸ್‌ಫರ್ ಪೋರ್ಟಲ್, 2021ರಿಂದ ಒಂದು ವರ್ಷ ಕೂರದೆಯೇ ಕಾಲೇಜು ಬದಲಿಸುವ ಅವಕಾಶ, ಅದೇ ವರ್ಷದಿಂದ ಆಟಗಾರ್ತಿ ತನ್ನ ಹೆಸರಿನಿಂದ ದುಡ್ಡು ಮಾಡಿಕೊಳ್ಳುವ ಹಕ್ಕು. ಆಟಗಾರ್ತಿಯರ ಮಟ್ಟಿಗೆ ಇವು ಬರಲೇಬೇಕಿದ್ದ ಬದಲಾವಣೆಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ 10 ಗೆಲುವು 6 ಸೋಲಿನಲ್ಲಿ ನಿಂತ ತಂಡಕ್ಕೆ ಮಾರ್ಚ್‌ವರೆಗೆ ಕಾಯಿರಿ ಎಂದು ಹೇಳುವ ಕೋಚ್‌ಗೆ ಈಗ ಕಾಯುವವರು ಕಡಿಮೆ, ಮೇಲಿನವರೂ ಅಷ್ಟೆ, ಕೆಳಗಿನವರೂ ಅಷ್ಟೆ. ಹಾರ್ಪರ್ ಅವರನ್ನು 2025ರಲ್ಲಿ ಮಿಸೌರಿ ವಿಶ್ವವಿದ್ಯಾಲಯ ಕರೆದುಕೊಂಡಿತು. ಅಲ್ಲಿ ಅವರಿಗೆ ಎಷ್ಟು ಸೀಸನ್ ಸಿಗುತ್ತದೆ ಎಂಬುದನ್ನು ನಾನು ಗಮನಿಸುತ್ತಿರುತ್ತೇನೆ, ಗೆಲುವು ಸೋಲಿನ ಪಟ್ಟಿಗಿಂತ ಹೆಚ್ಚಾಗಿ.